ಭಾವನೊಡನೆ ದ್ವೀಪಕ್ಕೆ

ಕಮರ್ಷಿಯಲ್ ಸ್ಟ್ರೀಟಿನಲ್ಲಿ ಹೆಂಡತಿ ರವಿಕೆ ಕಣ ಆರಿಸುತ್ತಿರುವಾಗ ಗಂಡನಾದವನು ಎಲ್ಲಿ ನಿಲ್ಲಬೇಕು ಎಂಬುದನ್ನು ನಮ್ಮ ಧರ್ಮಶಾಸ್ತ್ರದವರು ಯಾರೂ ಬರೆದಿಟ್ಟಂತೆ ಕಾಣೆ. ಅಂಗಡಿಯೊಳಗೆ ನಿಂತರೆ, "ಈ ಎರಡರಲ್ಲಿ ಸೀರೆಯ ಅಂಚಿಗೆ ಯಾವುದು ಹೊಂದುತ್ತದೆ?" ಎಂಬ ಪ್ರಶ್ನೆ ಬರುತ್ತದೆ. ನನ್ನ ಕಣ್ಣಿಗೆ ಎರಡೂ ಒಂದೇ ಹಸಿರು. ಒಂದೇ ಎಂದರೆ ಉದಾಸೀನ ಮಾಡಿದೆನೆಂಬ ಮಾತು. ಬೇರೆ ಎಂದರೆ ಯಾವುದು ವಾಸಿ ಎಂಬ ಎರಡನೆಯ ಪ್ರಶ್ನೆ. ಹೊರಗೆ ಬಂದು ನಿಂತೆವೋ, ಸ್ಕೂಟರುಗಳು, ಬಲೂನಿನವರು, ಕೈತುಂಬ ಚೀಲ ಹಿಡಿದ ಸಂಸಾರಗಳು ಎಲ್ಲ ಸೇರಿ ನಮ್ಮನ್ನು ಒಂದು ಅಂಗಡಿಯ ಮುಂದಿನಿಂದ ಇನ್ನೊಂದು ಅಂಗಡಿಯ ಮುಂದಕ್ಕೆ ತೇಲಿಸಿಕೊಂಡು ಹೋಗುತ್ತವೆ. ನಾನು ಈ ಪ್ರವಾಹದ ದಡದಲ್ಲಿಯೇ, ನಾರಾಯಣ ಪಿಳ್ಳೆ ಬೀದಿಯ ಆಸುಪಾಸಿನಲ್ಲಿ, ಬಹಳ ಕಾಲ ಬಾಳಿದವನು. ಐವತ್ತೆಂಟು ವರ್ಷದ ತನಕ ನನಗಿದ್ದ ಸಮುದ್ರಯಾನದ ಅನುಭವ ಇಷ್ಟೇ.

೨೦೧೧ರ ಅಕ್ಟೋಬರಿನಲ್ಲಿ ಮಗಳ ಮದುವೆಗೆ ಜವಳಿ ತೆಗೆಯಲೆಂದು ಹೋದಾಗ ಮಾತ್ರ ನನ್ನ ಜೊತೆಗೆ ಹೊರಗೆ ನಿಲ್ಲಲು ಒಬ್ಬ ಸಂಗಾತಿ ಇದ್ದರು. ನನ್ನ ಹೆಂಡತಿಯ ಅಣ್ಣ. ಉಡುಪಿಯ ಕಡೆಯಿಂದ ಮದುವೆಯ ಕೆಲಸಕ್ಕೆಂದು ಮೊದಲೇ ಬಂದಿದ್ದವರು. ನನಗೆ ಅವರು ಭಾವ, ಅವರಿಗೆ ನಾನು ಭಾವ. ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಹೇಳಿ ನಿವೃತ್ತರಾದವರು. ನಿವೃತ್ತರಾಗಿ ಏಳು ವರ್ಷವಾದರೂ ಅಂಗಿಯ ಜೇಬಿನಲ್ಲಿ ನೀಲಿ ಪೆನ್ನಿನ ಪಕ್ಕದಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತಿತ್ತು. ಮಗಳ ಲಗ್ನಪತ್ರಿಕೆಯ ಕರಡನ್ನು ಅದರಿಂದಲೇ ತಿದ್ದಿದರು. ಅಂಗಡಿಯವನು ಬಿಲ್ಲು ಕೊಟ್ಟರೆ ಮೊತ್ತವನ್ನು ಮನಸ್ಸಿನಲ್ಲೇ ಕೂಡಿ ನೋಡಿ, ಕೆಳಗೆ ಒಂದು ಸರಿಗುರುತು ಹಾಕಿ, ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು, ದುಡ್ಡು ಕೊಡಲಿ ಎಂದು.

ಆ ದಿನ ಪ್ರವಾಹ ನಮ್ಮಿಬ್ಬರನ್ನು ಪ್ರವಾಸದ ಟಿಕೆಟ್ಟು ಮಾರುವ ಕಚೇರಿಯೊಂದರ ಗಾಜಿನ ಮುಂದೆ ತಂದು ನಿಲ್ಲಿಸಿತು. ಗಾಜಿನ ಹಿಂದೆ ಒಂದು ದೊಡ್ಡ ಚಿತ್ರ: ಕಡುನೀಲಿ ಕಡಲು, ಅದರಿಂದ ನೆಟ್ಟಗೆ ಎದ್ದ ಕಪ್ಪು ಕೆಂಪು ಬಂಡೆಯ ಗೋಡೆ, ಗೋಡೆಯ ನೆತ್ತಿಯ ಮೇಲೆ ಸುಣ್ಣ ಬಳಿದ ಮನೆಗಳು, ನಡುನಡುವೆ ನೀಲಿ ಗುಮ್ಮಟಗಳು. ಕೆಳಗೆ ಬರೆದಿದ್ದ ದರವನ್ನು ನೋಡಿ ನಾನು ಅದನ್ನು ಮದುವೆಯ ಊಟದ ಎಲೆಗಳಿಂದ ಭಾಗಿಸಿ ನೋಡಿದೆ. ಶೇಷ ಉಳಿಯಿತು. "ಸ್ಯಾಂಟೊರಿನಿ," ಎಂದರು ಭಾವ, ತಮ್ಮ ಹಳೆಯ ವಿದ್ಯಾರ್ಥಿಯನ್ನು ಬೀದಿಯಲ್ಲಿ ಗುರುತಿಸಿದವರಂತೆ. "ಇದು ದ್ವೀಪವಲ್ಲ ಭಾವ, ಒಡೆದ ಪಾತ್ರೆಯ ಅಂಚು. ಸುಮಾರು ೩,೬೦೦ ವರ್ಷದ ಹಿಂದೆ ಅಗ್ನಿಪರ್ವತ ಸಿಡಿದು ನಡುಭಾಗ ಕುಸಿಯಿತು, ಸಮುದ್ರ ಒಳಗೆ ಬಂತು. ಈ ಮನೆಗಳೆಲ್ಲ ಅಂಚಿನ ಮೇಲೆ ಕೂತಿರುವುದು." ಮೆಡಿಟರೇನಿಯನ್ ಸಮುದ್ರದಲ್ಲಿ ಇಂಥವು ಇನ್ನೂ ಉಂಟಂತೆ. ಇಟಲಿಯ ಹತ್ತಿರ ವುಲ್ಕಾನೊ ಎಂಬುದೊಂದು. ರೋಮನರ ಅಗ್ನಿದೇವನ ಹೆಸರು ಅದಕ್ಕೆ, ಅದರ ಹೆಸರೇ ಮುಂದೆ ಲೋಕದ ಜ್ವಾಲಾಮುಖಿಗಳಿಗೆಲ್ಲ ಇಂಗ್ಲಿಷಿನಲ್ಲಿ ಬಂತು. ಪಕ್ಕದಲ್ಲಿ ಸ್ಟ್ರಾಂಬೊಲಿ, ಅದು ಎರಡು ಸಾವಿರ ವರ್ಷದಿಂದ ರಾತ್ರಿ ಹೊತ್ತು ಕಿಡಿ ಕಾರುತ್ತ ನಾವಿಕರಿಗೆ ದೀಪಸ್ತಂಭವಾಗಿದೆ. ಸ್ಯಾಂಟೊರಿನಿ ಎಂದರೆ ಸಂತ ಐರೀನಳ ಹೆಸರು.

"ಒಂದು ಸಲ ನೋಡಬೇಕು ಭಾವ," ಎಂದೆ ನಾನು. ನೋಡಲಾಗದ್ದನ್ನು ಕುರಿತು ಹೀಗೆ ಹೇಳುವುದು ಒಂದು ಮರ್ಯಾದೆ.

"ಅಗ್ನಿಪರ್ವತದ ದ್ವೀಪ ನೋಡಲಿಕ್ಕೆ ಅಷ್ಟು ದೂರ ಎಂತಕ್ಕೆ ಮಾರಾಯ್ರೆ? ಸೇಂಟ್ ಮೇರೀಸಿಗೆ ಹೋದರೆ ಆಯ್ತಲ್ಲ."

ನಾನು ತಟ್ಟನೆ ಶಿವಾಜಿನಗರದ ಬಸ್ ನಿಲ್ದಾಣದ ದಿಕ್ಕಿಗೆ ತಿರುಗಿ ನೋಡಿದೆ. ದಂಡುಪ್ರದೇಶದವರಿಗೆ ಸೇಂಟ್ ಮೇರೀಸ್ ಎಂದರೆ ಒಂದೇ: ಕಮರ್ಷಿಯಲ್ ಸ್ಟ್ರೀಟಿನಿಂದ ಸ್ವಲ್ಪವೇ ನಡೆದರೆ ಸಿಗುವ ಆ ಚೂಪು ಗೋಪುರದ ಬೆಸಿಲಿಕ, ಸೆಪ್ಟೆಂಬರ್ ೮ರ ಹಬ್ಬಕ್ಕೆ ತೇರೆಳೆಯುವಾಗ ಎಲ್ಲ ಮತದವರೂ ಕಾವಿ ಬಣ್ಣದ ಬಟ್ಟೆಯುಟ್ಟು ಮೇಣದ ಬತ್ತಿ ಹಿಡಿದು ನಿಲ್ಲುವ ಜಾಗ. "ಅಲ್ಲಿ ಅಗ್ನಿಪರ್ವತ ಎಲ್ಲಿದೆ ಭಾವ?" ಎಂದು ಕೇಳಿದೆ. ಅವರು ನಕ್ಕುಬಿಟ್ಟರು. ಅಷ್ಟು ಬಿಚ್ಚಿ ನಕ್ಕದ್ದನ್ನು ನಾನು ನೋಡಿರಲಿಲ್ಲ. "ಅದಲ್ಲ. ಮಲ್ಪೆಯದ್ದು. ನಮ್ಮ ಮಲ್ಪೆಯ ಎದುರಿಗೆ ಸಮುದ್ರದಲ್ಲಿ ಉಂಟಲ್ಲ, ಅದು. ಬನ್ನಿ, ತೋರಿಸ್ತೇನೆ," ಎಂದು ನನ್ನ ತೋಳು ಹಿಡಿದು ಹೆಂಡತಿ ಇದ್ದ ಅಂಗಡಿಯ ಒಳಕ್ಕೇ ಕರೆದುಕೊಂಡು ಹೋದರು.

ರವಿಕೆ ಬಟ್ಟೆಯ ಅಂಗಡಿಯನ್ನು ನೋಡದ ಓದುಗರು ಇರಲಾರರು. ನೆಲದಿಂದ ಸೂರಿನವರೆಗೆ ಥಾನುಗಳು; ಕೆಲವನ್ನು ಅಡ್ಡ ಪೇರಿಸಿರುತ್ತಾರೆ, ಕೆಲವನ್ನು ಮೂಲೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿರುತ್ತಾರೆ. ಭಾವ ಆ ಮೂಲೆಯನ್ನು ತೋರಿಸಿದರು. "ಹೀಗೆ ನಿಂತಿದ್ದಾವೆ. ಕಲ್ಲಿನ ಕಂಬಗಳು. ಒಂದಕ್ಕೊಂದು ಅಂಟಿಕೊಂಡು, ಸಾವಿರಗಟ್ಟಲೆ. ಯಾರೂ ಕಡೆದದ್ದಲ್ಲ. ಲಾವಾ ರಸ ತಣಿಯುವಾಗ ಕುಗ್ಗಿ ಬಿರುಕು ಬಿಟ್ಟದ್ದು. ಪ್ರತಿಯೊಂದಕ್ಕೂ ಆರು..."

"ಅಣ್ಣಾ," ಎಂದಳು ನನ್ನ ಹೆಂಡತಿ.

ಅವಳ ಕೈ ಹಸಿರು ಬಟ್ಟೆಯ ಮೇಲೆ ಹಾಗೆಯೇ ನಿಂತಿತ್ತು. ಭಾವ ಮಾತು ನಿಲ್ಲಿಸಿದರು. ಅಂಗಡಿಯ ಹುಡುಗ ಕತ್ತರಿ ಹಿಡಿದು ನಮ್ಮ ಮೂವರನ್ನೂ ನೋಡುತ್ತಿದ್ದ. ಕಣ ತೆಗೆಯದೆ ಮನೆಗೆ ಬಂದೆವು. ಕಮರ್ಷಿಯಲ್ ಸ್ಟ್ರೀಟಿನಿಂದ ಬರಿಗೈಯಲ್ಲಿ ಮರಳಿದ ದಿನ ನಮ್ಮ ಸಂಸಾರದ ಚರಿತ್ರೆಯಲ್ಲಿ ಅದೊಂದೇ.

ಇವಳಿಗೆ ಇಬ್ಬರು ಅಣ್ಣಂದಿರಿದ್ದರು, ಎರಡನೆಯವನು ಹರೆಯದಲ್ಲಿಯೇ ಸಮುದ್ರದ ಪಾಲಾದ ಎಂಬುದು ನನಗೆ ಗೊತ್ತಿತ್ತು. ಹೆಣ್ಣು ನೋಡಲು ಹೋದಾಗಲೇ ಯಾರೋ ಹೇಳಿದ್ದರು. ಕಡಲ ತೀರದ ಊರು; ಅಂಥದ್ದು ಆಗುತ್ತಿರುತ್ತದೆ ಎಂದುಕೊಂಡೆ. ಹೆಚ್ಚು ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಾದವನು ಇಪ್ಪತ್ತೆಂಟು ವರ್ಷ ಸುಮ್ಮನೆಯೇ ಇದ್ದೆ. ಆ ರಾತ್ರಿ ಅವಳಾಗಿ ಹೇಳಿದಳು. ಸಣ್ಣಣ್ಣ ಹೋದದ್ದು ಆ ದ್ವೀಪದಲ್ಲಿ. ೧೯೭೪ರ ಮೇ ತಿಂಗಳ ಕೊನೆ. ಅವನಿಗೆ ಹತ್ತೊಂಬತ್ತು, ಇವಳಿಗೆ ಹದಿಮೂರು. ಕಾಲೇಜಿನ ಗೆಳೆಯರೊಂದಿಗೆ ಮೀನಿನ ದೋಣಿಯಲ್ಲಿ ಹೋದ. ಮಳೆಗಾಲ ಹತ್ತಿರವಾಗಿ ನೀರು ಏರತೊಡಗಿತ್ತು. ಪಶ್ಚಿಮದ ಕಡೆಯ ಬಂಡೆಯ ಮೇಲೆ ಕಾಲು ಜಾರಿತು. ಮೂರನೆಯ ದಿನ ದೇಹ ಸಿಕ್ಕಿತು. ಅವತ್ತು ಅವನ ಜೊತೆ ಹೋಗಬೇಕಾಗಿದ್ದವರು ದೊಡ್ಡಣ್ಣ. ಪರೀಕ್ಷೆಯ ಪೇಪರು ತಿದ್ದುವುದು ಬಾಕಿ ಇತ್ತೆಂದು ಮನೆಯಲ್ಲಿ ಉಳಿದರು. ಅಂದಿನಿಂದ ಅವರು ದೋಣಿ ಹತ್ತಿದವರಲ್ಲ. ಮಲ್ಪೆಯ ಕಡೆ ಹೋದರೂ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲುತ್ತಿದ್ದರು. ಆ ದ್ವೀಪದ ಹೆಸರು ಮನೆಯಲ್ಲಿ ಯಾರ ಬಾಯಿಯಲ್ಲೂ ಬರುತ್ತಿರಲಿಲ್ಲ.

"ಇವತ್ತು ಅವನೇ ಎತ್ತಿದ," ಎಂದಳು. "ಎಲ್ಲಿಂದ ಬಂತೋ ಬಾಯಿಗೆ. ಒಮ್ಮೆ ಕರೆದುಕೊಂಡು ಹೋಗೋಣ. ನೀವು ಹೇಳಿದರೆ ಬರುತ್ತಾನೆ. ನಾನು ಹೇಳಿದರೆ ಬರುವುದಿಲ್ಲ."

ಮದುವೆ ಮುಗಿಯಿತು. ೨೦೧೨ರ ಜನವರಿಯಲ್ಲಿ ರಾತ್ರಿಯ ರೈಲು ಹಿಡಿದು ಘಟ್ಟ ಇಳಿದೆವು. ನಾನು ಭಾವನಿಗೆ ಹೇಳಿದ್ದು ಇಷ್ಟೇ: "ಸ್ಯಾಂಟೊರಿನಿಯ ದುಡ್ಡು ನನ್ನಲ್ಲಿಲ್ಲ, ನಿಮ್ಮ ಸೇಂಟ್ ಮೇರೀಸನ್ನಾದರೂ ತೋರಿಸಿ." ಅವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ, "ದಡದ ತನಕ ಬರ್ತೇನೆ. ನಿಮ್ಮ ಚಪ್ಪಲಿ ಕಾಯಲಿಕ್ಕೆ ಒಬ್ಬ ಬೇಕಲ್ಲ," ಎಂದರು.

ಬೆಳಿಗ್ಗೆ ಮೊದಲು ವಡಭಾಂಡೇಶ್ವರಕ್ಕೆ ಹೋದೆವು. ಮಲ್ಪೆಯ ದಂಡೆಯಲ್ಲಿರುವ ಬಲರಾಮನ ಗುಡಿ ಅದು. ಮಧ್ವಾಚಾರ್ಯರು ಪ್ರತಿಷ್ಠೆ ಮಾಡಿದ್ದೆಂದು ಪ್ರತೀತಿ. ಕಥೆ ಉಡುಪಿಗೆ ಹೋದವರಿಗೆಲ್ಲ ಗೊತ್ತು: ದ್ವಾರಕೆಯಿಂದ ಬರುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು, ಆಚಾರ್ಯರು ದಡದಲ್ಲಿ ನಿಂತು ಉತ್ತರೀಯ ಬೀಸಿದರು, ಗಾಳಿ ತಣ್ಣಗಾಯಿತು, ನಾವಿಕ ಏನು ಬೇಕೆಂದರೆ ಭಾರಕ್ಕಾಗಿ ಇಟ್ಟಿದ್ದ ಗೋಪೀಚಂದನದ ಹೆಂಟೆಯನ್ನು ಕೇಳಿದರು, ಅದರೊಳಗೆ ಉಡುಪಿಯ ಕೃಷ್ಣ ಇದ್ದ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ. ಆ ದಿನ ಆ ಗುಡಿಯ ಮುಂದೆ, ಭಾವನ ಪಕ್ಕದಲ್ಲಿ ನಿಂತು ಅದನ್ನು ನೆನೆಯುವುದು ಅಷ್ಟು ಸುಲಭವಾಗಿರಲಿಲ್ಲ. ಅವರು ಕೈಮುಗಿದರು, ತೀರ್ಥ ತೆಗೆದುಕೊಂಡರು, ಏನೂ ಹೇಳಲಿಲ್ಲ.

ಬಂದರಿನಲ್ಲಿ ಮೀನಿನ ದೋಣಿಗಳು ಒಂದರ ಭುಜಕ್ಕೆ ಇನ್ನೊಂದು ತಾಗಿ ನಿಂತಿದ್ದವು. ಮಂಜುಗಡ್ಡೆ ಒಡೆಯುವ ಸದ್ದು, ಡೀಸೆಲಿನ ಹೊಗೆ, ಬುಟ್ಟಿ ಹೊತ್ತ ಮೊಗವೀರ ಹೆಂಗಸರ ಗಟ್ಟಿ ಮಾತು. ಇದೂ ಒಂದು ಕಮರ್ಷಿಯಲ್ ಸ್ಟ್ರೀಟೇ ಸೈ. ದ್ವೀಪಕ್ಕೆ ಜನ ಒಯ್ಯುವ ದೋಣಿಯ ಬಳಿ ನಾನು ಎರಡು ಟಿಕೆಟ್ಟು ತೆಗೆಯಲು ಹೊರಟೆ. ಹೆಂಡತಿ, "ಮೂರು," ಎಂದಳು. ಭಾವ ಚಪ್ಪಲಿಗಾಗಿ ಕೈಚಾಚಿದರು. ಅವಳು ಚಪ್ಪಲಿ ಕೊಡಲಿಲ್ಲ. ಅಣ್ಣ ತಂಗಿ ತುಳುವಿನಲ್ಲಿ ನಾಲ್ಕು ಮಾತು ಆಡಿಕೊಂಡರು. ಅವರು ತುಳುವಿಗೆ ಇಳಿದರೆಂದರೆ ವಿಷಯ ಗಂಭೀರವೆಂದು ತಿಳಿಯುವಷ್ಟು ನಾನು ಕಲಿತಿದ್ದೇನೆ. ಅದಕ್ಕಿಂತ ಹೆಚ್ಚು ಕಲಿತಿಲ್ಲ. ನೀನು ಬಾರದಿದ್ದರೆ ನಾನೂ ಇಲ್ಲ ಎಂದಳೆಂದು ಆಮೇಲೆ ಗೊತ್ತಾಯಿತು. ದೋಣಿಯ ಹುಡುಗ ಬಂದು, "ಅಜ್ಜಾ, ಹತ್ತಿ," ಎಂದು ಕಿತ್ತಲೆ ಬಣ್ಣದ ತೇಲುವ ಅಂಗಿಯನ್ನು ಅವರ ಕೊರಳಿಗೆ ಹಾಕಿಯೇಬಿಟ್ಟ. ಅರವತ್ತಾರು ವರ್ಷದವರನ್ನು ಅಜ್ಜ ಎಂದದ್ದಕ್ಕೆ ಅವರಿಗೆ ಸಿಟ್ಟು ಬಂದಿರಬೇಕು. ಆ ಸಿಟ್ಟಿನಲ್ಲೇ ಹತ್ತಿದರು.

ದೋಣಿ ಬಂದರಿನ ಬಾಯಿ ದಾಟಿ ತೆರೆದ ನೀರಿಗೆ ಬಂದ ಕೂಡಲೆ ನನ್ನ ಹೊಟ್ಟೆಯೂ ತೆರೆದ ನೀರಿಗೆ ಬಂದಿತು. ಬೆಂಗಳೂರಿನ ಹೊಟ್ಟೆ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿ ಬೆಳೆದದ್ದು. ಅದಕ್ಕೆ ಈ ಏರಿಳಿತ ಹೇಗೆ ಗೊತ್ತಾಗಬೇಕು? ನಿಂಬೆಹಣ್ಣು ಮೂಸುತ್ತ ಕಣ್ಣು ಮುಚ್ಚಿಕೊಂಡೆ. ಭಾವ ಮಾತ್ರ ಮಾತಾಡತೊಡಗಿದರು. ನಿಲ್ಲಿಸಲೇ ಇಲ್ಲ. ತರಗತಿಯ ಕಂಠ, ತರಗತಿಯ ಕ್ರಮ. ದ್ವೀಪಗಳು ಮುಖ್ಯವಾಗಿ ನಾಲ್ಕು. ಜನ ಹೋಗುವುದು ತೆಂಗಿನ ದ್ವೀಪಕ್ಕೆ. ಒಂದಕ್ಕೆ ದರಿಯಾ ಬಹಾದ್ದೂರ್ ಗಡ ಎಂದು ಹೆಸರು, ಬಿದನೂರಿನ ನಾಯಕರ ಕಾಲದ ಕೋಟೆಯಿಂದ ಬಂದದ್ದು. ಸಂತ ಮೇರಿಯ ಹೆಸರು ಬಂದದ್ದು ವಾಸ್ಕೊ ಡ ಗಾಮನಿಂದ. ಅವನು ಕಲ್ಲಿಕೋಟೆಗೆ ಹೋಗುವಾಗ ಇಲ್ಲಿ ಇಳಿದನೆಂದು ಹೇಳುತ್ತಾರೆ, ಅದು ಸರಿಯಲ್ಲ. ಆ ಯಾನದ ದಿನಚರಿಯ ಪ್ರಕಾರ ಕಂಬ ನೆಟ್ಟದ್ದು ಹಿಂದಿರುಗುವಾಗ, ೧೪೯೮ರ ಸೆಪ್ಟೆಂಬರಿನಲ್ಲಿ, ದಡದಿಂದ ಸ್ವಲ್ಪ ದೂರದ ಕಿರುದ್ವೀಪವೊಂದರಲ್ಲಿ. ರಾಜನ ಅಪ್ಪಣೆಯಂತೆ ಮೂರು ಕಲ್ಲುಕಂಬಗಳಿಗೆ ರಫಾಯಲ್, ಗೇಬ್ರಿಯಲ್, ಸಾಂತಾ ಮರಿಯ ಎಂದು ಹೆಸರು. ಮೂರನೆಯದು ಇಲ್ಲಿ ನಿಂತಿತು. ಮೀನು ತಂದ ಬೆಸ್ತರಿಗೆ ಅವನು ಅಂಗಿಗಳನ್ನು ಕೊಟ್ಟನಂತೆ.

"ಅಳತೆ ತೆಗೆದಿದ್ದನೊ?" ಎಂದಳು ನನ್ನ ಹೆಂಡತಿ.

ಭಾವ ನಗಲಿಲ್ಲ. ಆಗ ನಾನು ಕಣ್ಣು ಬಿಟ್ಟು ನೋಡಿದೆ. ಎರಡೂ ಕೈಯಿಂದ ಹಲಗೆಯನ್ನು ಹಿಡಿದಿದ್ದರು. ಬೆರಳ ಗೆಣ್ಣುಗಳು ಬಿಳುಪೇರಿದ್ದವು. ಮುಖದಲ್ಲಿ ಬೆವರು. ಪಾಠ ಮಾತ್ರ ನಡೆಯುತ್ತಿತ್ತು. ಮಾತು ನಿಲ್ಲಿಸಿದರೆ ಏನೋ ಒಳಗೆ ನುಗ್ಗುತ್ತದೆ ಎಂಬಂತೆ ಅವರು ಒಂದಾದಮೇಲೆ ಒಂದು ಸಂಗತಿಯನ್ನು ಬಾಗಿಲಿಗೆ ಅಡ್ಡ ಇಡುತ್ತಿದ್ದರು. ಮಡಗಾಸ್ಕರ್ ಬಂತು. ಒಂದು ಕಾಲಕ್ಕೆ ನಮ್ಮ ಪಶ್ಚಿಮ ಕರಾವಳಿಗೂ ಆಫ್ರಿಕದ ಬಳಿಯ ಆ ದೊಡ್ಡ ದ್ವೀಪಕ್ಕೂ ನಡುವೆ ಸಮುದ್ರವಿರಲಿಲ್ಲ. ಎರಡೂ ಒಂದೇ ನೆಲ. ಅದು ಸೀಳಿ ಬೇರೆಯಾಗುವ ಕಾಲದಲ್ಲಿ ಸೀಳಿನಿಂದ ಮೇಲೆ ಬಂದ ಲಾವಾ ಈ ದ್ವೀಪಗಳ ಕಲ್ಲು. ಅದರ ವಯಸ್ಸು ಸುಮಾರು ೮.೫ರಿಂದ ೯ ಕೋಟಿ ವರ್ಷ. ಅದೇ ಕಾಲದ ಅಗ್ನಿಶಿಲೆ ಮಡಗಾಸ್ಕರಿನಲ್ಲೂ ಇದೆ. ಅದರಿಂದಲೇ ವಿದ್ವಾಂಸರು ಈ ನಂಟನ್ನು ಗುರುತಿಸಿದ್ದು. ದಖ್ಖನಿನ ಕಪ್ಪು ಕಲ್ಲಿನ ಪ್ರವಾಹ ಇದಕ್ಕಿಂತ ಎರಡು ಕೋಟಿ ವರ್ಷ ಈಚಿನದು. ಹಿಮಾಲಯ ಇನ್ನೂ ಈಚಿನದು. "ನಿಮ್ಮ ಲಾಲ್‌ಬಾಗಿನ ಬಂಡೆಗೆ ೩೦೦ ಕೋಟಿ ವರ್ಷ ಭಾವ. ಅದರ ಎದುರು ಇದು ತೊಟ್ಟಿಲ ಕೂಸು," ಎಂದರು. ನನಗೆ ನನ್ನ ಹೊಟ್ಟೆಯ ಮುಂದಿನ ಐದು ನಿಮಿಷವೇ ಯುಗವಾಗಿತ್ತು.

ದೊಡ್ಡ ದೋಣಿ ದ್ವೀಪದ ದಡಕ್ಕೆ ತಾಗಲಿಲ್ಲ. ನೀರು ಅಲ್ಲಿ ಆಳವಿಲ್ಲ, ಕೆಳಗೆಲ್ಲ ಬಂಡೆ. ಸಣ್ಣ ದೋಣಿಯೊಂದು ಪಕ್ಕಕ್ಕೆ ಬಂದಿತು. ಅದಕ್ಕೆ ದಾಟಬೇಕು. ಎರಡು ದೋಣಿಗಳೂ ಒಂದೇ ತೆರೆಯ ಮೇಲಿದ್ದರೂ ಒಂದು ಏಳುವಾಗ ಇನ್ನೊಂದು ಇಳಿಯುತ್ತದೆ. ನಡುವೆ ಒಂದು ಮೊಳ ಹಸಿರು ನೀರು ಬಾಯಿ ತೆರೆದು ಮುಚ್ಚುತ್ತದೆ. ಮಕ್ಕಳು ಹಾರಿದರು. ನಾನು ಒಂದು ಚೀಲದಂತೆ ಆಚೆ ರವಾನೆಯಾದೆ. ಹೆಂಡತಿ ಸೆರಗು ಸಿಕ್ಕಿಸಿಕೊಂಡು ದಾಟಿದಳು. ಭಾವ ಅಂಚಿನಲ್ಲಿ ನಿಂತು ಆ ನೀರನ್ನೇ ನೋಡುತ್ತಿದ್ದರು. ಪಾಠ ನಿಂತುಹೋಗಿತ್ತು. ಹಿಂದೆ ಇದ್ದವರು ಗೊಣಗತೊಡಗಿದರು. ದೋಣಿಯ ಹುಡುಗ ಏನೂ ಹೇಳಲಿಲ್ಲ, ಅವಸರಪಡಿಸಲಿಲ್ಲ. ತನ್ನ ಕೈಯನ್ನು ನೀಡಿಕೊಂಡು ಸುಮ್ಮನೆ ನಿಂತ. ಹತ್ತೊಂಬತ್ತು ಇಪ್ಪತ್ತರ ಹುಡುಗ, ಉಪ್ಪು ನೀರಿಗೆ ಕೂದಲು ಕೆಂಚಾಗಿತ್ತು. ಮೂರು ಸಲ ದೋಣಿ ಎದ್ದು ಇಳಿಯಿತು. ನಾಲ್ಕನೆಯ ಸಲ ಭಾವ ಆ ಕೈ ಹಿಡಿದರು. ಈಚೆ ಬಂದು ಕುಳಿತ ಮೇಲೆಯೂ ಸ್ವಲ್ಪ ಹೊತ್ತು ಬಿಡಲಿಲ್ಲ.

ಮೊಣಕಾಲುದ್ದ ನೀರಿನಲ್ಲಿ ಇಳಿದು ನಡೆದೆವು. ದಡದಲ್ಲಿ ಮರಳಿಗಿಂತ ಚಿಪ್ಪು ಹೆಚ್ಚು. ಕಾಲಿಟ್ಟ ಕಡೆಯೆಲ್ಲ ಅವಲಕ್ಕಿ ತುಳಿದ ಹಾಗೆ ಸದ್ದು. ಮೇಲೆ ತೆಂಗಿನ ಮರಗಳು, ನೆತ್ತಿಯಲ್ಲಿ ಹದ್ದು. ಮನೆಯಿಲ್ಲ, ಬಾವಿಯಿಲ್ಲ. ಸಂಜೆಯಾದರೆ ಬಂದವರೆಲ್ಲ ಹೊರಡಲೇಬೇಕು. ಸಣ್ಣ ದ್ವೀಪ, ಉದ್ದ ಅರ್ಧ ಕಿಲೊಮೀಟರಿನಷ್ಟು, ಅಗಲ ಅದರಲ್ಲಿ ಒಂದು ಪಾಲು. ಕಮರ್ಷಿಯಲ್ ಸ್ಟ್ರೀಟನ್ನು ಎತ್ತಿ ತಂದು ಇಲ್ಲಿ ಹಾಸಿದರೆ ಹೆಚ್ಚು ಕಡಿಮೆ ಮುಚ್ಚಿಹೋಗುತ್ತದೆಯೋ ಏನೋ.

ಮರಗಳನ್ನು ದಾಟಿದೊಡನೆ ಕಂಬಗಳು ಕಂಡವು. ನಾನು ಚಿತ್ರಗಳಲ್ಲಿ ನೋಡಿ ಬಂದಿದ್ದೆ. ಆದರೂ ಹಾಗಿರುತ್ತದೆಂದು ಎಣಿಸಿರಲಿಲ್ಲ. ಯಾರೋ ಬೇಲೂರಿನ ಕಡೆಯ ಶಿಲ್ಪಿಗಳು ಸಾವಿರ ಕಂಬಗಳ ಮಂಟಪ ಕಟ್ಟಲು ಕಲ್ಲು ಕಡೆದು ನಿಲ್ಲಿಸಿ, ಮಜೂರಿಯ ಜಗಳವಾಗಿ ಅರ್ಧಕ್ಕೆ ಬಿಟ್ಟು ಹೋದಂತಿತ್ತು. ಕೆಲವು ಎರಡಾಳೆತ್ತರಕ್ಕೂ ಮೀರಿ ನಿಂತಿವೆ. ಕೆಲವು ಮುರಿದು ಮೆಟ್ಟಿಲಾಗಿವೆ. ಕೆಲವು ಒಂದು ಕಡೆಗೆ ವಾಲಿವೆ. ಮೇಲಿನಿಂದ ನೋಡಿದರೆ ಜೇನು ಹಟ್ಟಿಯ ಕಣ್ಣುಗಳಂತೆ ತಲೆಗಳು. ಐರ್ಲೆಂಡಿನ ದಡದಲ್ಲಿ ಇಂಥದ್ದು ೪೦,೦೦೦ ಕಂಬಗಳದ್ದು ಉಂಟೆಂದೂ, ಅಲ್ಲಿಯವರು ಅದನ್ನು ರಾಕ್ಷಸನ ಕಟ್ಟೆಯೆಂದು ಕರೆಯುವರೆಂದೂ ಭಾವ ಹಿಂದೊಮ್ಮೆ ಹೇಳಿದ್ದರು. ಪೋರ್ಚುಗೀಸರು ನೆಟ್ಟ ಕಂಬವನ್ನು ಹುಡುಕಿದೆ, ಎಲ್ಲಿಯೂ ಕಾಣಲಿಲ್ಲ. ಇಷ್ಟು ಕಂಬಗಳ ನಡುವೆ ಲಿಸ್ಬನ್ನಿನಿಂದ ಇನ್ನೊಂದು ಕಂಬ ಹೊತ್ತು ತಂದವನ ಮುಖ ಹೇಗಿದ್ದಿರಬಹುದು! "ಥಾನೇ ನಿಲ್ಲಿಸಿದ ಹಾಗಿದೆ," ಎಂದಳು ಹೆಂಡತಿ ಮೆಲ್ಲಗೆ.

ಇದು ಆದದ್ದು ಹೇಗೆ ಎಂಬುದು ಕೆರೆಯ ಅಂಗಳವನ್ನು ಬೇಸಗೆಯಲ್ಲಿ ನೋಡಿದವರಿಗೆ ತಿಳಿಯುತ್ತದೆ. ಕೆಸರು ಒಣಗಿ ಕುಗ್ಗುವಾಗ ಬಿಲ್ಲೆ ಬಿಲ್ಲೆಯಾಗಿ ಬಿರಿಯುವುದಿಲ್ಲವೆ? ದಪ್ಪನಾದ ಲಾವಾ ಪದರವೂ ಹಾಗೆಯೇ; ಮೇಲ್ಮೈ ತಣಿದು ಕುಗ್ಗಿ ಬಿರಿಯುತ್ತದೆ, ತಣಿವು ಒಳಕ್ಕೆ ಇಳಿದಂತೆ ಬಿರುಕೂ ನೇರವಾಗಿ ಇಳಿಯುತ್ತ ಹೋಗುತ್ತದೆ. ಕೊನೆಗೆ ಬಿಲ್ಲೆಗಳೆಲ್ಲ ಕಂಬಗಳು. ಕುಗ್ಗುವ ಎಳೆತ ಎಲ್ಲ ದಿಕ್ಕಿಗೂ ಸಮನಾಗಿದ್ದರೆ ಆರು ಮುಖಗಳಾಗುವುದು ಹೆಚ್ಚು. ಈ ಕಲ್ಲನ್ನು ಬಸಾಲ್ಟ್ ಎಂದು ಬರೆಯುವವರು ಈಗಲೂ ಇದ್ದಾರೆ. ಅದು ಬಸಾಲ್ಟ್ ಅಲ್ಲ, ಮರಳಿನ ಸತ್ವ ಹೆಚ್ಚಾಗಿರುವ ರಯೋಲೈಟ್ ಜಾತಿಯದು. ಭಾವನೂ ಬಹಳ ವರ್ಷ ಹುಡುಗರಿಗೆ ಬಸಾಲ್ಟ್ ಎಂದೇ ಹೇಳಿ, ಆಮೇಲೆ ತಿಳಿದಾಗ ಬಹಳ ನೊಂದುಕೊಂಡಿದ್ದರಂತೆ. ಇವೆಲ್ಲ ನನಗೆ ಗೊತ್ತಿರುವುದು ಅವರಿಂದಲೇ. ಆದರೆ ಆ ಹೊತ್ತಿನಲ್ಲಿ ಹೇಳಿದ್ದಲ್ಲ.

ಆ ಹೊತ್ತಿನಲ್ಲಿ ಅವರು ಒಂದು ಮುರಿದ ಕಂಬದ ಮುಂದೆ ಮೊಣಕಾಲೂರಿ ಕುಳಿತಿದ್ದರು. ಅದರ ತಲೆ ನೆಲದಿಂದ ಒಂದು ಗೇಣು ಎತ್ತರ. ಕೈಯಿಂದ ಅದರ ಅಂಚನ್ನು ಸವರುತ್ತ ಹೋದರು, ಸುತ್ತ ಒಂದು ಸಲ. ಮತ್ತೆ ಒಂದು ಸಲ. ನಾವು ಹತ್ತಿರ ಹೋದೆವು.

"ಐದು," ಎಂದರು.

ನಾನು ಅರ್ಥವಾಗದೆ ನೋಡಿದೆ.

"ಐದೇ ಮೂಲೆ ಇದಕ್ಕೆ," ಎಂದು ಪಕ್ಕದ್ದಕ್ಕೆ ಕೈ ಹಾಕಿದರು. "ಇದಕ್ಕೆ ಆರು. ಇದು ಆರು. ಇದು... ಏಳು." ಆಮೇಲೆ ತಂಗಿಯ ಕಡೆಗೆ ತಿರುಗಿದರು. ಮಾತಾಡಿದ್ದು ಕನ್ನಡದಲ್ಲಿಯೇ; ನನಗೂ ತಿಳಿಯಲೆಂದೋ, ತುಳುವಿನಲ್ಲಿ ಹೇಳಲು ಆಗದೆಯೋ. "ಅವನಿಗೂ ನನಗೂ ಪಂಥ. ನಿಮಗೆ ಯಾರಿಗೂ ಗೊತ್ತಿಲ್ಲ. ನಾನು ಪುಸ್ತಕದ ಚಿತ್ರ ತೋರಿಸಿ, ಎಲ್ಲ ಕಂಬಕ್ಕೂ ಆರೇ ಮೂಲೆ ಅಂತ ಹೇಳಿದೆ. ಅವನು, ಇರಲಿಕ್ಕಿಲ್ಲ ಅಣ್ಣ, ಬಿಸಿ ಆರುವುದು ಎಲ್ಲ ಕಡೆ ಒಂದೇ ಸಮ ಆಗುವುದುಂಟಾ, ಐದೂ ಇರಬೇಕು ಏಳೂ ಇರಬೇಕು ಅಂದ. ಹೋಗಿ ಎಣಿಸಿ ಬಾ ಅಂದೆ. ನಾನೂ ಬರ್ತೇನೆ ಅಂದೆ. ಮಸಾಲೆ ದೋಸೆಯ ಪಂಥ." ಸ್ವಲ್ಪ ತಡೆದು, "ಎಣಿಸಲಿಕ್ಕೇ ಬಂದದ್ದು ಅವನು," ಎಂದರು.

ಹೆಂಡತಿ ಅವರ ಪಕ್ಕದಲ್ಲಿ ಚಿಪ್ಪಿನ ಮೇಲೆ ಕುಳಿತಳು. ಅಳುತ್ತಾಳೇನೊ ಎಂದು ನಾನು ಹೆದರಿದೆ, ಅಳಲಿಲ್ಲ. "ಇದಕ್ಕೆ ಎಷ್ಟು ನೋಡು," ಎಂದು ತನ್ನ ಬಳಿಯ ಕಂಬವನ್ನು ತೋರಿಸಿದಳು.

ಮುಂದಿನ ಒಂದೂವರೆ ಗಂಟೆ ನಾವು ಮೂವರೂ ಎಣಿಸಿದೆವು. ನಮ್ಮ ಸುತ್ತ ಜನ ಕಂಬಗಳ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುತ್ತಿದ್ದರು, ಚುರುಮುರಿ ತಿನ್ನುತ್ತಿದ್ದರು. ಒಂದು ಮಗು ಹತ್ತಿರ ಬಂದು, "ತಾತ, ಏನು ಕಳೆದುಹೋಯಿತು?" ಎಂದು ಕೇಳಿತು. ನಾನು ಕೂಗಿ ಹೇಳುವುದು, ಭಾವ ಜೇಬಿನ ಡೈರಿಯಲ್ಲಿ ನೀಲಿ ಪೆನ್ನಿನಿಂದ ಗೆರೆ ಎಳೆಯುವುದು. ನನ್ನ ಲೆಕ್ಕದಲ್ಲಿ ಅವರಿಗೆ ಪೂರ್ತಿ ನಂಬಿಕೆಯಿರಲಿಲ್ಲ; ಎರಡು ಸಲ ಎದ್ದು ಬಂದು ತಾವೇ ಸವರಿ ನೋಡಿದರು. ಒಮ್ಮೆ ನಾನು ಆರು ಎಂದದ್ದು ಐದಾಗಿತ್ತು. ಎಣಿಸುತ್ತ ಎಣಿಸುತ್ತ ನಾವು ಪಶ್ಚಿಮದ ಅಂಚಿಗೆ ಬಂದಿದ್ದೆವು. ಅಲ್ಲಿ ಕಂಬಗಳು ಮೆಟ್ಟಿಲು ಮೆಟ್ಟಿಲಾಗಿ ನೀರಿಗೆ ಇಳಿಯುತ್ತವೆ. ಕೊನೆಯ ಮೆಟ್ಟಿಲುಗಳ ಮೇಲೆ ಹಸಿರು ಪಾಚಿ. ಅದರಾಚೆ ನೀರು ಉಬ್ಬಿ, ಬಿಳಿಯಾಗಿ ಒಡೆದು, ಸಂದುಗಳಲ್ಲಿ ಗುಳುಗುಳು ಎಂದು ಇಳಿದು ಹೋಗುತ್ತಿತ್ತು. ಜನವರಿಯ ಶಾಂತ ಸಮುದ್ರವೇ ಹೀಗಿದ್ದರೆ ಮೇ ಕೊನೆಯಲ್ಲಿ ಹೇಗಿರುತ್ತದೆಯೋ. ಭಾವ ಮುಂದೆ ಎರಡು ಹೆಜ್ಜೆ ಇಟ್ಟರು. ಕಾವಲಿನವನು ಸೀಟಿ ಊದಿದ. ಅವರು ಅಲ್ಲಿಯೇ ನಿಂತರು. ಸಮುದ್ರಕ್ಕೆ ಮುಖ ಮಾಡಿ ನಿಂತಿದ್ದರು. ನಾವಿಬ್ಬರೂ ಹತ್ತಿರ ಹೋಗಲಿಲ್ಲ.

ಎಷ್ಟು ಹೊತ್ತೆಂದು ನಾನು ನೋಡಲಿಲ್ಲ. ದೋಣಿಯವರು ಕರೆಯತೊಡ­ಗಿದಾಗ ತಾವಾಗಿಯೇ ತಿರುಗಿ ಬಂದರು. ಹೆಂಡತಿಯ ಮುಷ್ಟಿಯಲ್ಲಿ ಒಂದು ಬಿಳಿ ಚಿಪ್ಪಿತ್ತು. ಇಲ್ಲಿನದನ್ನು ಒಯ್ಯಬಾರದೆಂದು ಅವರೇ ಹೇಳಿ ಬಿಡಿಸಿದರು. ಮರಳುವಾಗ ಸಣ್ಣ ದೋಣಿಯಿಂದ ದೊಡ್ಡದಕ್ಕೆ ನನಗಿಂತ ಮೊದಲು ದಾಟಿದರು. ದಾರಿಯಲ್ಲಿ ಪಾಠವೇನೂ ಇರಲಿಲ್ಲ. ನನ್ನ ಹೊಟ್ಟೆ ಕೊನೆಗೂ ಸೋತು ತನ್ನ ಪಾಲಿನ ಕಾಣಿಕೆಯನ್ನು ಅರಬ್ಬೀ ಸಮುದ್ರಕ್ಕೆ ಒಪ್ಪಿಸಿತು. ಆಗ ನನ್ನ ಬೆನ್ನು ಸವರುತ್ತ ಕುಳಿತವರು ಅವರು.

ಬಂದರಿನ ಬಳಿ ಒಂದು ಹೋಟೆಲಿನಲ್ಲಿ ಕುಳಿತೆವು. ನನಗೆ ಚಹಾ ಬಿಟ್ಟು ಬೇರೇನೂ ಸೇರುವಂತಿರಲಿಲ್ಲ. ಭಾವ ಮಾಣಿಯನ್ನು ಕರೆದು ಮಸಾಲೆ ದೋಸೆ ಉಂಟೋ ಎಂದು ಕೇಳಿದರು. ಉಂಟು ಎಂದ. "ಒಂದು," ಎಂದರು. ಅದು ಬಂದು ಮೇಜಿನ ನಡುವೆ ಕುಳಿತಿತು, ಯಾರೂ ಮುರಿಯಲಿಲ್ಲ. ಅವರು ಡೈರಿ ತೆಗೆದು ಗೆರೆಗಳನ್ನು ಕೂಡಿದರು. ಒಟ್ಟು ೧೧೨ ಕಂಬಗಳು. ಆರು ಮುಖದವು ೬೩, ಐದರವು ೩೪, ಏಳರವು ೧೧, ನಾಲ್ಕರವು ೪. ಎರಡು ಸಲ ಕೂಡಿ ನೋಡಿದರು. ಆಮೇಲೆ ನೀಲಿ ಪೆನ್ನನ್ನು ಜೇಬಿಗೆ ಸೇರಿಸಿ ಕೆಂಪು ಪೆನ್ನನ್ನು ತೆಗೆದು, ಪುಟದ ಕೆಳಗೆ ಒಂದು ದೊಡ್ಡ ಸರಿಗುರುತು ಹಾಕಿದರು. ಪೆನ್ನಿನ ಮುಚ್ಚಳ ಹಾಕಲು ಸ್ವಲ್ಪ ಹೊತ್ತು ಹಿಡಿಯಿತು.

ಹೆಂಡತಿ ದೋಸೆಯ ತಟ್ಟೆಯನ್ನು ಅವರ ಮುಂದಕ್ಕೆ ಸರಿಸಿದಳು. "ಆರುತ್ತದೆ ಅಣ್ಣ, ತಿನ್ನು," ಎಂದಳು.